‘ಎ’ ಅಕ್ಷರದ ಪಂಡಿತರೇ, ಸ್ವಲ್ಪ ಇಲ್ಲಿ ಕೇಳಿ

‘ಅಬೇಟ್’ ಅಂದ್ರೇನು, ಹೇಳಿ ನೋಡೋಣ? ಕಮ್ಮಿಯಾಗು, ತಗ್ಗು ಅಂತ ಥಟ್ಟನೆ ಹೇಳಿಬಿಟ್ರಿ. ಭೇಷ್! ‘ಅಬೆರಂಟ್’? ಅದೂ ಗೊತ್ತು. ‘ಆಬ್‌ಸ್ಟೀಮಿಯಸ್’? (ಅಬ್ಬಬ್ಬಾ, ಅದೂನಾ!) ಸರಿ, ಈಗ ‘ಎಂ’ನಲ್ಲಿ ಒಂದು ಕೇಳ್ಲಾ? ‘ಮೆಂಡೇಶಸ್’? ಯಾಕೆ ಸ್ವಾಮಿ, ಫ್ಯಾನ್ ನೋಡ್ತಾ ಇದೀರಿ? ಸುಳ್ಳು ಹೇಳೋ ಚಾಳಿಯೋನು ಅಂತ ಅರ್ಥ. ‘ಗೊತ್ತಿತ್ತು, ಬಾಯಿಗೆ ಬರಲಿಲ್ಲ’ ಅಂದ್ರಲ್ಲ ಈಗ, ಅಂಥೋರಿಗೆ ಅಂತಲೇ ಇರೋ ಪದ ಅದು.

ನಾಚ್ಕೋಬೇಡಿ. ಅಮೆರಿಕದಲ್ಲಿ ಎಂಎಸ್ ಮಾಡೋಕೆ ಅಂತ ಜಿಆರ್‌ಇ ಪರೀಕ್ಷೆಗೆ ಓದ್ತೀನಿ ಅಂತ ಹೊರಟ ಮುಕ್ಕಾಲು ಮಂದಿ ಕತೆ ಇದೇ. ಯುಗಾದಿಗೆ ‘ಎ’ಯಿಂದ ಶುರು ಮಾಡಿದ್ರಿ. ನಡುವೆ ಸೆಮಿಸ್ಟರ್ ಪರೀಕ್ಷೆ ಬಂತು, ಬಿಟ್ರಿ. ಗಣೇಶನ ಹಬ್ಬ ಆದ್ಮೇಲೆ ‘ಈ ಸಲ ಸೀರಿಯಸ್ಸಾಗಿ’ ಅಂತ ಮತ್ತೆ ಕೂತ್ರಿ. ಎಲ್ಲಿಂದ? ಬಿಟ್ಟ ಜಾಗದಿಂದ ಅಂತೂ ಅಲ್ಲ. ಮತ್ತೆ ‘ಎ’ಯಿಂದ!

‘ಮರೆತುಹೋಗಿರುತ್ತೆ, ಫ್ರೆಶ್ಶಾಗಿ ಶುರು ಮಾಡೋಣ’ ಅನ್ನೋದು ನಿಮ್ಮ ವಾದ. ಒಂದ್ಸಲ ಆ ಪುಸ್ತಕಾನ ಮುಚ್ಚಿ ಪಕ್ಕದಿಂದ ನೋಡಿ. ಮೊದಲ ಬೆರಳಗಲ ಜಿಡ್ಡು ಹಿಡಿದು ಕಪ್ಪಾಗಿದೆ. ಉಳಿದಿದ್ದೆಲ್ಲ ಮದುವೆಗೆ ತೆಗೆದಿಟ್ಟ ಪಂಚೆ ಹಂಗೆ ಫಳಫಳ ಅಂತಿದೆ. (‘ಡಿ’ ಹತ್ರ ಒಂದು ಕಾಫಿ ಕಲೆ ಇದೆ. ಅಲ್ಲೀವರೆಗೂ ಒಂದ್ಸಲ ಹೋಗಿದ್ರಿ ಅನ್ನೋದಕ್ಕೆ ಅದೊಂದೇ ಸಾಕ್ಷಿ.)

ಪುಸ್ತಕ ಯಾವುದು ಅಂತ ಊಹಿಸ್ಲಾ? ಬ್ಯಾರನ್ಸ್. ಅದೂ ಕೊಂಡಿದ್ದಲ್ಲ, ಸೀನಿಯರ್ ಒಬ್ಬರು ಅಮೆರಿಕಕ್ಕೆ ಹೋಗೋವಾಗ ದಾನ ಮಾಡಿದ್ದು. ಅವರಿಗೆ ಅವರ ಸೀನಿಯರ್ ಕೊಟ್ಟಿದ್ದು. ಹಾಸ್ಟೆಲ್‌ನಿಂದ ಹಾಸ್ಟೆಲ್‌ಗೆ ಝೆರಾಕ್ಸಿನ ಝೆರಾಕ್ಸ್ ಆಗಿ, ಸ್ಪೈರಲ್ ಬೈಂಡಿಂಗ್ ಹಾಕಿಸ್ಕೊಂಡು ಬಂದ 3500 ಪದಗಳ ಪಟ್ಟಿ. ಐವತ್ತು ಲಿಸ್ಟು. ಮೊದಲ ಪದ ‘ಅಬೇಸ್’. ಕೊನೇ ಪದ ಯಾವುದು ಅಂತ ನಿಮ್ಮನ್ನ ಕೇಳಲ್ಲ ಬಿಡಿ, ಪಾಪ.

ಆ ಪಟ್ಟಿಗೊಂದು ಕಾಲ ಇತ್ತು, ಒಪ್ಪೋಣ. ಆಗ ಪರೀಕ್ಷೇಲಿ ಪದಗಳು ಬರೀ ಮೈಲಿ ಬರ್ತಿದ್ವು. ಹಿಂದಿಲ್ಲ, ಮುಂದಿಲ್ಲ, ಒಂದು ಪದ ಕೊಟ್ಟು ‘ಇದಕ್ಕೆ ವಿರುದ್ಧ ಪದ ಯಾವುದು’ ಅಂತ ಕೇಳ್ತಿದ್ರು. ಉರು ಹೊಡೆದೋನೇ ಗೆದ್ದ. 2011ರ ಆಗಸ್ಟ್‌ನಲ್ಲಿ ಪರೀಕ್ಷೆ ನಡೆಸೋ ಇಟಿಎಸ್‌ನೋರು ಆ ಪ್ರಶ್ನೆಗಳನ್ನೆಲ್ಲ ಎತ್ತಿಹಾಕಿ, 800ರ ಸ್ಕೋರನ್ನೂ 170ಕ್ಕೆ ಇಳಿಸಿಬಿಟ್ರು. ನೀವಿನ್ನೂ ಅದೇ ಸ್ಪೈರಲ್ ಬೈಂಡಿಂಗ್ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾ ಇದೀರಿ!

ಈಗ ಪದ ಬಂದ್ರೆ ವಾಕ್ಯದ ಒಳಗೇ ಬರುತ್ತೆ. ಬಿಟ್ಟ ಸ್ಥಳ ತುಂಬಿ ಅಂತಾರೆ, ನಾಲ್ಕನೇ ಕ್ಲಾಸಲ್ಲಿ ಮೇಷ್ಟ್ರು ಕೊಡ್ತಿದ್ರಲ್ಲ, ಅದೇ. ಆದ್ರೆ ಇಲ್ಲಿ ಒಂದೊಂದ್ಸಲ ಒಂದು ಪ್ಯಾರಾದಲ್ಲಿ ಮೂರು ಖಾಲಿ ಜಾಗ. ಎರಡು ಸರಿಯಾಗಿ ಒಂದು ತಪ್ಪಾದ್ರೆ ಪೂರ್ತಿ ಸೊನ್ನೆ. ಇನ್ನೊಂದು ಜಾತಿ ಪ್ರಶ್ನೇಲಿ ಆರು ಪದ ಕೊಟ್ಟು, ಒಂದೇ ಅರ್ಥ ಬರೋ ಎರಡನ್ನ ಆರಿಸಿ ಅಂತಾರೆ. ಒಂದು ಸರಿ ಮಾಡಿ ಅರ್ಧ ಮಾರ್ಕ್ಸಿಗೆ ಕೈ ಚಾಚೋ ಹಾಗಿಲ್ಲ. (ನೆಗೆಟಿವ್ ಮಾರ್ಕಿಂಗ್ ಇಲ್ಲ ಅನ್ನೋದನ್ನ ಮಾತ್ರ ಎಲ್ಲಕ್ಕಿಂತ ಮೊದಲು ತಿಳ್ಕೊಂಡಿದೀರಿ, ಅಲ್ವಾ ಕಳ್ಳರಾ?)

ನಿಮ್ಮ ಮುತ್ತಾತ ಪಾಠಶಾಲೇಲಿ ಕೂತು ಅಮರಕೋಶ ಬಾಯಿಪಾಠ ಮಾಡಿದ್ರಲ್ಲ, ಯೋಚಿಸಿ ನೋಡಿ, ಅವರು ಈ ಪರೀಕ್ಷೇಲಿ ನಿಮಗಿಂತ ಮುಂದಿರ್ತಿದ್ರೋ ಏನೋ. ಅಮರಸಿಂಹ ಅಕಾರಾದಿಯಾಗಿ ಪಟ್ಟಿ ಮಾಡ್ಲಿಲ್ಲ ಕಣ್ರೀ. ಸೂರ್ಯನ ಹೆಸರೆಲ್ಲ ಒಂದು ಕಡೆ, ನೀರಿನ ಹೆಸರೆಲ್ಲ ಇನ್ನೊಂದು ಕಡೆ, ಅದೂ ಶ್ಲೋಕದಲ್ಲಿ. ಒಂದು ನೆನಪಾದ್ರೆ ಅದರ ಹಿಂದೆ ಹತ್ತು ಬಂತು. ಒಂದೇ ಅರ್ಥದ ಎರಡು ಪದ ಆರಿಸಿ ಅಂದ್ರೆ ಮುತ್ತಾತ ‘ಎರಡು ಸಾಕೇನೋ?’ ಅಂತ ಕೇಳ್ತಿದ್ರು.

ನಿಮ್ಮ ಪಟ್ಟೀಲಿ ಏನಾಗಿದೆ? ಅಬೇಸ್, ಅಬ್ಯಾಶ್, ಅಬೇಟ್ ಮೂರೂ ಮೈಗೆ ಮೈ ತಾಗಿಸ್ಕೊಂಡು ಕೂತಿವೆ. ನೋಡೋಕೆ ಒಂದೇ ಥರ, ಅರ್ಥ ಮಾತ್ರ ಬೇರೆ ಬೇರೆ. ಒಂದು ಅವಮಾನ ಮಾಡೋದು, ಒಂದು ಮುಜುಗರ ಪಡಿಸೋದು, ಒಂದು ಕಮ್ಮಿಯಾಗೋದು. ಒಂದೇ ರಾತ್ರಿ ಮೂರನ್ನೂ ತಲೆಗೆ ತುರುಕಿದ್ರೆ ಬೆಳಿಗ್ಗೆ ಯಾವುದು ಯಾವುದೋ, ಆ ದೇವರೇ ಬಲ್ಲ. ತಪ್ಪು ನಿಮ್ಮ ತಲೇದಲ್ಲ. (ಇದೊಂದು ವಿಷಯದಲ್ಲಿ ಮಾತ್ರ.)

ಅದಕ್ಕೇ ನಮ್ಮ ಹುಡುಗ ಹುಡುಗೀರು ಅಂಚಿನಲ್ಲಿ ಕನ್ನಡ ಬರೆದಿಡೋದು. ಆ ಝೆರಾಕ್ಸಿನ ಅಸಲಿ ಆಸ್ತಿ ಅಂದ್ರೆ ಅದೇ. ‘ಮಾಡ್ಲಿನ್’ ಪದದ ಪಕ್ಕ ‘ಏನ್ ಮಾಡ್ಲಿ ನಾನ್ ಅಂತ ಮೂಗೊರೆಸ್ಕೊಂಡು ಅಳೋನು’. ‘ಮೊರೋಸ್’ ಪಕ್ಕ ‘ಮೋರೆ ಇಳಿಬಿಟ್ಟೋನು’. ‘ಹ್ಯೂಬ್ರಿಸ್’ ಪಕ್ಕ ‘ಹುಬ್ಬೇರಿಸಿ ಮಾತಾಡೋ ಜಂಬ’. ‘ಕಜೋಲ್’ ಅಂದ್ರೆ ಪುಸಲಾಯಿಸೋದು, ಪಕ್ಕದಲ್ಲಿ ನಟಿ ಕಾಜೋಲ್ ಹೆಸರು. (ಇದು ಇಡೀ ಭಾರತದ ಆಸ್ತಿ, ನಮ್ಮೋರದ್ದೇ ಅಂತ ಹೇಳ್ಕೊಳ್ಳೋ ಹಾಗಿಲ್ಲ.)

‘ಪ್ಯಾಲಿಯೇಟ್’ ಅಂದ್ರೆ ನೋವು ಶಮನ ಮಾಡು. ಅಂಚಿನಲ್ಲಿ ಏನಿದೆ ಗೊತ್ತಾ? ‘ಪಲ್ಯ ಹಾಕ್ಕೊಂಡ್ರೆ ಸಾರಿನ ಖಾರ ಕಮ್ಮಿ’. ಇದನ್ನ ಓದಿ ನೀವು ಅರ್ಧ ಗಂಟೆ ನಕ್ಕಿದೀರಿ, ಫ್ರೆಂಡ್ಸಿಗೆಲ್ಲ ಫೋಟೋ ಕಳಿಸಿದೀರಿ. ಪರೀಕ್ಷೆ ದಿನ ಸ್ಕ್ರೀನ್ ಮೇಲೆ ಆ ಪದ ಬರುತ್ತೆ ಅಂದ್ಕೊಳ್ಳಿ. ಪಲ್ಯ ಚೆನ್ನಾಗಿ ನೆನಪಿದೆ. ಬೀನ್ಸ್ ಪಲ್ಯ, ತೆಂಗಿನತುರಿ ಸಮೇತ. ಅದರಿಂದ ಖಾರ ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ ಅನ್ನೋದೇ ಮರೆತಿದೆ. ಗಡಿಯಾರ ಓಡ್ತಾ ಇದೆ, ನಿಮಗೆ ಹಸಿವಾಗ್ತಾ ಇದೆ.

‘ಅಯ್ಯೋ, ನಾನು ಪುಸ್ತಕ ಎಲ್ಲ ಬಿಟ್ಟೆ, ಈಗ ಆ್ಯಪು’ ಅಂತೀರಾ? ಬನ್ನಿ, ಅದನ್ನೇ ಮಾತಾಡೋಣ. ಹರ್ಮನ್ ಎಬ್ಬಿಂಗ್‌ಹೌಸ್ ಅಂತ ಜರ್ಮನಿಯ ಒಬ್ಬ ಪುಣ್ಯಾತ್ಮ, ಅರ್ಥವೇ ಇಲ್ಲದ ಅಕ್ಷರಗಳ ಗುಂಪನ್ನ ತಾನೇ ಉರು ಹೊಡೆದು, ತಾನೇ ಮರೆತು, ಎಷ್ಟು ಮರೆತೆ ಅಂತ ತಾನೇ ಲೆಕ್ಕ ಇಟ್ಟ. 1885ರಲ್ಲಿ ಪುಸ್ತಕಾನೂ ತಂದ. ಕಲಿತಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲ ಒಂದು ಗಂಟೇಲೇ ಸೋರಿಹೋಗುತ್ತೆ, ಆಮೇಲೆ ಸೋರೋದು ನಿಧಾನ ಆಗುತ್ತೆ ಅಂತ ಕಂಡ. ಬಿಡುವು ಕೊಟ್ಟು ಕೊಟ್ಟು ಮತ್ತೆ ಓದಿದ್ರೆ ನಿಲ್ಲುತ್ತೆ ಅಂತಾನೂ ಕಂಡ.

1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಇದಕ್ಕೊಂದು ಪೆಟ್ಟಿಗೆ ಉಪಾಯ ಹೇಳಿದ. ಗೊತ್ತಿರೋ ಕಾರ್ಡು ಹಿಂದಿನ ಖಾನೆಗೆ, ಅಪರೂಪಕ್ಕೆ ನೋಡೋದು. ಗೊತ್ತಿಲ್ಲದ್ದು ವಾಪಸ್ ಮುಂದಿನ ಖಾನೆಗೆ, ದಿನಾ ನೋಡೋದು. ನಿಮ್ಮ ಫೋನಿನ ಆ್ಯಪು ಮಾಡೋದೂ ಹೆಚ್ಚುಕಮ್ಮಿ ಇದನ್ನೇ. ಲೆಕ್ಕಾಚಾರ ಪಕ್ಕಾ. ಆದ್ರೆ ಇಡೀ ವ್ಯವಸ್ಥೆ ನಿಂತಿರೋದು ಒಂದೇ ಒಂದು ನಂಬಿಕೆ ಮೇಲೆ: ‘ಗೊತ್ತು’ ಅನ್ನೋ ಬಟನ್ ಒತ್ತೋರು ನಿಜ ಹೇಳ್ತಾರೆ ಅಂತ.

ಈಗ ಹೇಳಿ, ಯಾರೂ ಕೇಳಿಸ್ಕೊಳ್ತಿಲ್ಲ. ಕಾರ್ಡ್ ಬರುತ್ತೆ: ‘ಟಾರ್ಪಿಡ್’. ನೀವು ಅರ್ಧ ಸೆಕೆಂಡ್ ಯೋಚನೆ ಮಾಡಿ ತಿರುಗಿಸ್ತೀರಿ. ‘ಜಡ, ಮಂದ’ ಅಂತಿದೆ. ‘ಹಾಂ ಹಾಂ, ಇದೇ ಅಂದ್ಕೊಂಡೆ!’ ಅಂತ ಹಸಿರು ಬಟನ್ ಒತ್ತೇಬಿಡ್ತೀರಿ. ಎಲ್ರೀ ಅಂದ್ಕೊಂಡಿದ್ರಿ? ‘ಏನೋ ಬಾಂಬ್ ಥರ ಇದೆ’ ಅಂತ ತಾನೇ ಅಂದ್ಕೊಂಡಿದ್ದು? ಅಲ್ಲಿ ಮೇಷ್ಟ್ರಿಲ್ಲ, ಬೆತ್ತ ಇಲ್ಲ, ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ಬೇಕಿಲ್ಲ. ನೀವು, ನಿಮ್ಮ ಫೋನು, ಇಬ್ಬರೇ. ಅಲ್ಲೂ ಕಾಪಿ ಹೊಡೀತೀರಲ್ರೀ, ಅದೂ ನಿಮ್ಮದೇ ಪೇಪರ್ ನೋಡ್ಕೊಂಡು!

ಪದದ ಮುಖ ಪರಿಚಯ ಇರೋದೇ ಬೇರೆ, ಕರೆದಾಗ ಅದು ಬರೋದೇ ಬೇರೆ. ಬೆಳಿಗ್ಗೆ ಪಾರ್ಕಲ್ಲಿ ವಾಕಿಂಗ್ ಬರೋ ಎಷ್ಟೋ ಜನರ ಮುಖ ನಿಮಗೆ ಗೊತ್ತು, ಒಬ್ಬರ ಹೆಸರು ಹೇಳಿ ನೋಡೋಣ? ಹಸಿರು ಬಟನ್ ಒತ್ತೋದಂತೂ ಬಲು ಹಿತ. ಆ್ಯಪು ‘ಭಲೇ’ ಅನ್ನುತ್ತೆ, ಕಾನ್ಫೆಟಿ ಉದುರಿಸುತ್ತೆ. ಮೆಟ್ರೋದಲ್ಲಿ ಎಂಜಿ ರೋಡ್ ಬರೋಷ್ಟರಲ್ಲಿ ಇಪ್ಪತ್ತು ಪದ ‘ಮಾಸ್ಟರ್’ ಮಾಡಿ ಇಳಿದುಬಿಡ್ತೀರಿ. ಎಸ್ಕಲೇಟರ್ ಹತ್ತೋಷ್ಟರಲ್ಲಿ ಎಬ್ಬಿಂಗ್‌ಹೌಸ್ ತನ್ನ ಪಾಲು ತಗೊಂಡು ಹೋಗಿರ್ತಾನೆ.

ಇನ್ನೊಂದು ಗುಟ್ಟು ಹೇಳ್ತೀನಿ, ಹತ್ತಿರ ಬನ್ನಿ. ನಿಮ್ಮನ್ನ ಕೆಡವೋದು ಈ ದೊಡ್ಡ ಮೀಸೆ ಪದಗಳಲ್ಲ. ಸುಲಭದ ಪದಗಳು! ‘ಪೆಡೆಸ್ಟ್ರಿಯನ್’ ಅಂದ್ರೆ? ಪಾದಚಾರಿ ಅಂದ್ರಿ. (ಬೆಂಗಳೂರಲ್ಲಿ ಅವರನ್ನ ನೋಡಿದ್ದೀರಾ? ಫುಟ್‌ಪಾತ್ ಮೇಲೆ ಬೈಕುಗಳಿಗೆ ದಾರಿ ಬಿಡ್ತಾ ನಿಂತಿರ್ತಾರೆ.) ಈ ಪರೀಕ್ಷೇಲಿ ಅದಕ್ಕೆ ‘ಸಪ್ಪೆ, ಹೊಸತನ ಇಲ್ಲದ್ದು’ ಅಂತ ಅರ್ಥ. ‘ಫ್ಲ್ಯಾಗ್’ ಅಂದ್ರೆ ಬಾವುಟ ಅಲ್ಲ, ಸುಸ್ತಾಗಿ ಸೊರಗೋದು. ‘ಟೆಂಪರ್’ ಅಂದ್ರೆ ಸಿಟ್ಟಲ್ಲ, ಹದಕ್ಕೆ ತರೋದು. ‘ಕ್ವಾಲಿಫೈ’ ಅಂದ್ರೆ ಪಾಸಾಗೋದಲ್ಲ, ಹೇಳಿದ ಮಾತಿಗೆ ‘ಆದರೆ’ ಅಂತ ಮಿತಿ ಹಾಕೋದು.

ಈ ಪದಗಳಿಗೆ ನೀವು ಯಾವತ್ತಾದ್ರೂ ಕಾರ್ಡ್ ಮಾಡಿದ್ರಾ? ಛೆ ಛೆ, ಗೊತ್ತಿರೋದಕ್ಕೆ ಯಾಕೆ! ‘ಎನರ್ವೇಟ್’ ಕತೆ ಇನ್ನೂ ಮಜಾ. ನೋಡೋಕೆ ಎನರ್ಜಿಯ ತಂಗಿ ಥರ ಇದೆ, ಅರ್ಥ ಮಾತ್ರ ಶಕ್ತಿ ಹೀರಿ ಹಿಂಡಿಹಾಕೋದು. ಪೇಪರ್ ಸೆಟ್ ಮಾಡೋರಿಗೆ ಇಂಥವೆಂದ್ರೆ ಪ್ರಾಣ.

ಮನೇಲಿ ಏನು ನಡೀತಿದೆ ಅದನ್ನೂ ಹೇಳ್ಬಿಡ್ಲಾ? ಅಮ್ಮ ‘ಇನ್ನೊಂದು ದೋಸೆ ಹಾಕ್ಲೇನೋ?’ ಅಂತಾರೆ. ನೀವು ‘ಬೇಡಮ್ಮ, ಐ ಆಮ್ ಸೇಷಿಯೇಟೆಡ್’ ಅಂತೀರಿ. ಅಮ್ಮ ಗಾಬರಿಯಾಗಿ ಹಣೆ ಮುಟ್ಟಿ ನೋಡ್ತಾರೆ. ಫ್ಯಾಮಿಲಿ ಗ್ರೂಪಲ್ಲಿ ದೊಡ್ಡಪ್ಪ ಸತ್ಯನಾರಾಯಣ ಪೂಜೆಗೆ ಎಲ್ಲರೂ ಬನ್ನಿ ಅಂದ್ರೆ ‘ವೆರಿ ಮ್ಯಾಗ್ನಾನಿಮಸ್ ಆಫ್ ಯೂ’ ಅಂತ ಹಾಕಿದ್ರಿ. ದೊಡ್ಡಪ್ಪ ಒಂದು ಹೆಬ್ಬೆಟ್ಟು ಒತ್ತಿ, ನಿಮ್ಮಪ್ಪನಿಗೆ ಬೇರೆ ಫೋನ್ ಮಾಡಿ ‘ಹುಡುಗ ಹುಷಾರಾಗಿದಾನಾ?’ ಅಂತ ಕೇಳಿದ್ರು.

ಅರ್ಜಿ ಜೊತೆ ಕಳಿಸೋ ಎಸ್ಒಪಿ (ಸ್ಟೇಟ್‌ಮೆಂಟ್ ಆಫ್ ಪರ್ಪಸ್) ಬರೆಯೋವಾಗಂತೂ ಹಬ್ಬ. ಚಿಕ್ಕಂದಿನಿಂದಲೂ ಕಂಪ್ಯೂಟರ್ ಮೇಲೆ ‘ಪೆನ್‌ಶಾಂಟು’, ಮುಂದೆ ‘ಪ್ಲೆಥೊರಾ’ ಅವಕಾಶಗಳು, ‘ಮಿರಿಯಡ್’ ಅನುಭವಗಳು. ಕಲಿತ ಪದಾನೆಲ್ಲ ಒಂದೇ ಪುಟದಲ್ಲಿ ಖರ್ಚು ಮಾಡಿಬಿಡಬೇಕಾ? ಅದನ್ನ ಓದೋ ಪ್ರೊಫೆಸರಿಗೆ ಬೇಕಿರೋದು ನೀವು ಏನು ಪ್ರಾಜೆಕ್ಟ್ ಮಾಡಿದ್ರಿ ಅನ್ನೋದು. (ಅದು ನಿಮಗೂ ಸರಿಯಾಗಿ ನೆನಪಿಲ್ಲ, ಆ ಮಾತು ಬೇರೆ.)

ಇಷ್ಟೆಲ್ಲ ಹೊತ್ಕೊಂಡು ವಿಮಾನ ಇಳೀತೀರಿ. ಕ್ಯಾಂಪಸ್ಸಿನ ಬರ್ಗರ್ ಅಂಗಡಿ ಕೌಂಟರಲ್ಲಿ ಹುಡುಗಿ ‘ಫಾರ್ ಹಿಯರ್ ಆರ್ ಟು ಗೋ?’ ಅಂತಾಳೆ. ಇಲ್ಲೇ ತಿಂತೀರಾ, ಕಟ್ಟಿಕೊಡ್ಲಾ ಅಂತ, ಅಷ್ಟೇ! ಒಂದೊಂದೂ ಒಂದನೇ ಕ್ಲಾಸಿನ ಪದ. ನೀವು ‘ಸಾರಿ?’ ಅಂತೀರಿ. ಅವಳು ಮತ್ತೆ ಅಂತಾಳೆ. ನೀವು ‘ಯೆಸ್’ ಅಂತೀರಿ. ಹಿಂದೆ ಕ್ಯೂ ಬೆಳೀತಾ ಇದೆ.

‘ಹಂಗಾದ್ರೆ ಏನ್ ಮಾಡ್ಬೇಕು ಹೇಳ್ರಪ್ಪ’ ಅಂತ ಮುಖ ಊದಿಸ್ಕೋಬೇಡಿ. ಏನು ಮಾಡ್ಬೇಕು ಅಂತ ನಿಮಗೆ ಆಗ್ಲೇ ಗೊತ್ತು, ಅದಕ್ಕೇ ಮಾಡ್ತಿಲ್ಲ. ಓದೋದು. ಇಂಗ್ಲಿಷಲ್ಲಿ ಉದ್ದುದ್ದ ಲೇಖನ. ವಿಜ್ಞಾನದ್ದೋ ಚರಿತ್ರೇದೋ ವಾದ ಪ್ರತಿವಾದ, ಕೊನೇವರೆಗೂ. ಅಲ್ಲಿ ಸಿಕ್ಕ ‘ಟೆಂಪರ್’, ತನ್ನ ಅಕ್ಕಪಕ್ಕದೋರ ಜೊತೆ ಸಿಗುತ್ತೆ, ಮರೆಯೋಕೆ ಕಷ್ಟ. ಆದ್ರೆ ನೀವು? ‘ಆಮೇಲೆ ಓದ್ತೀನಿ’ ಅಂತ ನಲವತ್ತು ಟ್ಯಾಬ್ ತೆರೆದಿಟ್ಟು, ಅದರ ಪಕ್ಕದಲ್ಲಿ ‘ಹತ್ತೇ ದಿನದಲ್ಲಿ ಸಾವಿರ ಪದ’ ವಿಡಿಯೋನ ಎರಡರ ಸ್ಪೀಡಲ್ಲಿ ನೋಡ್ತಾ ಕೂತಿದೀರಿ.

ನಾರ್ಮನ್ ಲೂಯಿಸ್‌ದು ‘ವರ್ಡ್ ಪವರ್ ಮೇಡ್ ಈಸಿ’ ಕೂಡ ಇದೆ ಅಲ್ವಾ? ಇರಲೇಬೇಕು. 1949ರ ಪುಸ್ತಕ, ಅವೆನ್ಯೂ ರೋಡ್ ಫುಟ್‌ಪಾತಲ್ಲಿ ಇವತ್ತಿಗೂ ಮಾರಾಟ. ಬೇರಿನಿಂದ ಪದ ಕಲಿಸೋ ಒಳ್ಳೇ ಪುಸ್ತಕ, ನನಗೇನೋ ಪಟ್ಟಿಗಳಿಗಿಂತ ಇದೇ ವಾಸಿ ಅನ್ಸುತ್ತೆ. ಅದರಲ್ಲಿ ಆರಂಭದ ಕಡೆ ಮನುಷ್ಯರ ಸ್ವಭಾವದ ಪಾಠ, ಆಮೇಲೆ ಡಾಕ್ಟರುಗಳ ಪಾಠ. ನಮ್ಮ ದೇಶದಲ್ಲಿ ‘ಮಿಸಾಂತ್ರೋಪ್’ ಗೊತ್ತಿರೋರೂ, ಹತ್ತು ಥರದ ಡಾಕ್ಟರ ಹೆಸರು ಗೊತ್ತಿರೋರೂ ಲಕ್ಷಗಟ್ಟಲೆ ಇದಾರೆ. ಅದರಾಚೆ ಏನಿದೆ ಅಂತ ಕೇಳಿ, ಎಲ್ಲರಿಗೂ ಕೆಮ್ಮು ಬರುತ್ತೆ.

ಇನ್ನು ಸ್ಕೋರು. ಲೆಕ್ಕದ ಭಾಗ ಕ್ವಾಂಟಲ್ಲಿ 160 ಬಂದ್ರೆ ಮನೇಲಿ ಸೂತಕದ ಕಳೆ, ಪಕ್ಕದ್ಮನೆ ಹುಡುಗಿ 168 ಅಂತೆ. ಭಾಷೆಯ ಭಾಗ ವರ್ಬಲ್‌ನಲ್ಲಿ ಅದೇ 160 ಬಂದ್ರೆ ಮೆರವಣಿಗೆ! ಇಷ್ಟಾಗಿ ನೀವು ಅರ್ಜಿ ಹಾಕೋ ಡಿಪಾರ್ಟ್‌ಮೆಂಟು ಜಿಆರ್‌ಇ ಕೇಳುತ್ತಾ ಅಂತ ನೋಡಿದ್ರಾ? ಕೋವಿಡ್ ವರ್ಷಗಳಿಂದೀಚೆಗೆ ಎಷ್ಟೋ ಕಡೆ ‘ಇದ್ರೆ ಕೊಡಿ, ಇಲ್ಲದಿದ್ರೂ ನಡೆಯುತ್ತೆ’ ಅಂತ ಮಾಡಿದಾರೆ. ಕೆಲವು ಕಡೆ ಕೊಟ್ರೂ ನೋಡಲ್ಲ. ಅದನ್ನ ನೋಡೋಕೆ ಐದು ನಿಮಿಷ ಸಾಕು. ಆದ್ರೆ ನೋಡಿಲ್ಲ, ಯಾಕಂದ್ರೆ ಬೇಡ ಅಂದ್ಬಿಟ್ರೆ ಇಷ್ಟು ದಿನ ಮಾಡಿದ ‘ಎ’ ಏನಾಗ್ಬೇಕು?

ಬೇಕೇಬೇಕು ಅಂತಿದ್ರೆ ಭಯ ಪಡೋಕೇನಿಲ್ಲ. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆ ಅರ್ಧಕ್ಕರ್ಧ ಮೊಟಕಾಗಿದೆ; ಒಟ್ಟು 1 ಗಂಟೆ 58 ನಿಮಿಷ, ಅದರಲ್ಲಿ ವರ್ಬಲ್ ಪ್ರಶ್ನೆ 27. ಒಂದು ಕನ್ನಡ ಸಿನಿಮಾಗಿಂತ ಬೇಗ ಮುಗಿಯುತ್ತೆ, ಇಂಟರ್ವಲ್ಲೂ ಇಲ್ಲ. ಅದಿರ್ಲಿ, ಡೇಟ್ ಬುಕ್ ಮಾಡಿದ್ರಾ? ‘ಪದ ಎಲ್ಲ ಮುಗಿದ ಮೇಲೆ ಮಾಡ್ತೀನಿ’ ಅಂತೀರಾ? ಅಥವಾ ಮಾಡಿದೀರಾ? ಮಾಡಿದ್ರೆ, ಪರೀಕ್ಷೆಗೆ ನಾಲ್ಕು ದಿನ ಮುಂಚೆವರೆಗೂ ದುಡ್ಡು ಕಟ್ಟಿ ಡೇಟ್ ಮುಂದಕ್ಕೆ ಹಾಕ್ಕೋಬಹುದು ಅನ್ನೋ ನಿಯಮಾನ, ಆ ಬಟನ್ ಎಲ್ಲಿದೆ ಅನ್ನೋದನ್ನ, ಆಗ್ಲೇ ನೋಡಿಟ್ಕೊಂಡಿದೀರಿ ತಾನೇ?