ಡಿಗ್ರಿ ಮಾವ

ಮದುವೆಮನೆಯಲ್ಲಿ ಎಲೆ ಹಾಕುವ ಹೊತ್ತಿಗೆ ಮೀಸೆ ಚಿಗುರಿದ ಹುಡುಗರು ಯಾರನ್ನು ಕಂಡು ಕಂಬದ ಮರೆಗೆ ಸರಿಯುತ್ತಾರೋ ಅವರೇ ಡಿಗ್ರಿ ಮಾವ. ಪ್ರತಿ ವಂಶದಲ್ಲೂ ಒಬ್ಬರು ಇದ್ದೇ ಇರುತ್ತಾರೆ. ನಮ್ಮಲ್ಲಿ ಆ ಹುದ್ದೆ ನನ್ನ ಹೆಂಡತಿಯ ಅಣ್ಣನದು. ನನಗೆ ಭಾವ, ನನ್ನ ಮಗನಿಗೆ ಸೋದರಮಾವ. ಬ್ಯಾಂಕಿನಿಂದ ನಿವೃತ್ತರು. ಚೇತಕ್ ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ, ಗಣಪತಿಯನ್ನು ನೆನೆದು, ನಾಲ್ಕು ಸಲ ಒದ್ದು, ಗಂಟೆಗೆ ಮೂವತ್ತರ ಮೇಲೆ ಒಂದಂಗುಲವೂ ಏರದೆ ಓಡಿಸುವವರು. ಅವರ ಬಿ.ಎಸ್ಸಿ. ಪ್ರಮಾಣಪತ್ರ ಲ್ಯಾಮಿನೇಟ್ ಆಗಿ, ಬೀರುವಿನಲ್ಲಿ ಹೆಂಡತಿಯ ಧಾರೆ ಸೀರೆಯ ಕೆಳಗೆ, ನುಸಿಗುಳಿಗೆಗಳ ಕಾವಲಿನಲ್ಲಿ ಮಲಗಿದೆ.

ಸಂಗೀತ, ಸಿನಿಮಾ, ಕ್ರಿಕೆಟ್ಟು, ಹುಡುಗರಿಗೆ ಯಾವ ಹುಚ್ಚು ಹಿಡಿದರೂ ಭಾವನ ಬಳಿ ಮದ್ದು ಒಂದೇ: "ಮೊದಲು ಒಂದು ಡಿಗ್ರಿ ಕೈಯಲ್ಲಿರಲಿ ಕಣೋ, ಆಮೇಲೆ ಏನಾದ್ರೂ ಮಾಡ್ಕೋ." ಈ ಮದ್ದು ನಾಟದೆ ಹೋದದ್ದು ನನ್ನ ಮಗ ಪಿಯುಸಿಯಲ್ಲಿ "ನಾನು ರೇಸರ್ ಆಗ್ತೀನಿ" ಅಂದಾಗ.

"ರೇಸಾ? ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಮನೆ ಮಾರ್ಕೊಂಡೋರನ್ನ ನೋಡಿದೀನಿ!"

"ಕುದುರೆ ಅಲ್ಲ ಮಾವ, ಕಾರು. ಫಾರ್ಮುಲಾ ಒನ್."

"ಸರಿ, ಬಿ.ಇ. ಮುಗಿಸಿ ಸೇರ್ಕೋ."

"ಅಷ್ಟೊತ್ತಿಗೆ 22 ಆಗಿರುತ್ತೆ. ವರ್‌ಸ್ಟ್ಯಾಪನ್ 2015ರಲ್ಲಿ ಮೊದಲ ರೇಸ್ ಓಡಿಸಿದಾಗ 17. ರಸ್ತೆ ಮೇಲೆ ಕಾರು ಓಡಿಸೋ ಲೈಸೆನ್ಸೂ ಇರಲಿಲ್ಲ."

ಎಮಿಷನ್ ಟೆಸ್ಟಿನ ಚೀಟಿಯನ್ನು ಪರ್ಸಿನಲ್ಲೇ ಇಟ್ಟುಕೊಂಡು ತಿರುಗುವ ಭಾವ ಎದೆ ಹಿಡಿದುಕೊಂಡರು. "ಲೈಸೆನ್ಸ್ ಇಲ್ದೇನಾ? ಪೊಲೀಸ್ನೋರು ಏನ್ ಮಾಡ್ತಿದ್ರು?"

"ಆಮೇಲೆ ನಿಯಮ ಬಿಗಿ ಮಾಡಿದ್ರು. 18 ತುಂಬಿರಬೇಕು ಅಂದ್ರು, ರಸ್ತೆ ಲೈಸೆನ್ಸ್ ಬೇಕು ಅಂದ್ರು, ಕೆಳಗಿನ ರೇಸುಗಳಲ್ಲಿ ಮೂರು ವರ್ಷದಲ್ಲಿ 40 ಪಾಯಿಂಟ್ ಗಳಿಸಬೇಕು, ನಿಯಮಗಳ ಮೇಲೆ ಪರೀಕ್ಷೆಯನ್ನೂ ಪಾಸು ಮಾಡಬೇಕು."

ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಭಾವನ ಮುಖ ಅರಳಿತು. "ನೋಡಿದ್ಯಾ! ಎಲ್ಲಿಗೆ ಹೋದ್ರೂ ಪರೀಕ್ಷೆ ತಪ್ಪಿದ್ದಲ್ಲ."

ಡಿಗ್ರಿ ಮಾವಂದಿರ ಶಕ್ತಿಯೇ ಅದು. ಎದುರಾಳಿ ಎಸೆದ ಕಲ್ಲುಗಳನ್ನೇ ಆಯ್ದು ಗೋಡೆ ಕಟ್ಟಿಕೊಳ್ಳುತ್ತಾರೆ. ನಿಕೊ ರೋಸ್‌ಬರ್ಗ್ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಸಿಕ್ಕ ಇಂಜಿನಿಯರಿಂಗ್ ಸೀಟನ್ನೇ ಬಿಟ್ಟು ರೇಸಿಗೆ ಬಂದ, 2016ರಲ್ಲಿ ವಿಶ್ವ ಚಾಂಪಿಯನ್ ಆದ ಎಂದ ಮಗ.

"ಸೀಟು ಬಿಟ್ನಾ! ಅವರಪ್ಪ ಸುಮ್ನಿದ್ರಾ?"

"ಅವರಪ್ಪ 1982ರ ಚಾಂಪಿಯನ್."

"ಹಾಗನ್ನು. ಅಪ್ಪನ ಅಂಗಡಿ, ಮಗ ಗಲ್ಲಾದ ಮೇಲೆ ಕೂತ. ಈಗೇನ್ ಮಾಡ್ಕೊಂಡಿದಾನೆ?"

"ಗೆದ್ದ ಐದೇ ದಿನಕ್ಕೆ ರಿಟೈರ್ ಆದ. ಆಗ 31 ವರ್ಷ."

"31ಕ್ಕೇ ರಿಟೈರಾ? ಪೆನ್ಷನ್?"

ಮಗನಿಗೆ ಉತ್ತರ ತೋಚಲಿಲ್ಲ. ನಾರಾಯಣ್ ಕಾರ್ತಿಕೇಯನ್ 2005ರ ಅಮೆರಿಕ ಗ್ರ್ಯಾನ್ ಪ್ರಿಯಲ್ಲಿ ನಾಲ್ಕನೆಯವರಾಗಿ ಬಂದದ್ದನ್ನು ಹೇಳಿದ. ಅಂದು ಟೈರಿನ ತಕರಾರಿನಿಂದ 14 ಕಾರುಗಳು ಹಿಂದೆ ಸರಿದು, ಕಡೆಗೆ ಓಡಿದ್ದು ಆರೇ ಎಂಬುದನ್ನು ಹೇಳದಿದ್ದರೆ ಚೆನ್ನಾಗಿತ್ತು. "ಆರು ಜನ ಬರೆದ ಪರೀಕ್ಷೇಲಿ ನಾಲ್ಕನೇ ರ‍್ಯಾಂಕು" ಎಂದು ಭಾವ ಲೆಕ್ಕ ಹಾಕಿದರು. ಫಾರ್ಮುಲಾ 2ರಲ್ಲಿ ಒಂದು ಸೀಸನ್ನಿಗೆ ಇಪ್ಪತ್ತು ಕೋಟಿಯ ಮೇಲೆ ಬೇಕು, ಪ್ರಾಯೋಜಕರನ್ನು ಹಿಡಿದು ತಂದವರಿಗೆ ಸೀಟು ಸಲೀಸು ಎಂದಾಗಲಂತೂ ಅವರಿಗೆ ತಮ್ಮೂರಿಗೇ ಬಂದಷ್ಟು ಸಮಾಧಾನ. "ಮ್ಯಾನೇಜ್‌ಮೆಂಟ್ ಕೋಟಾ ಅಲ್ಲೂ ಇದೆ ಅನ್ನು. ಮನೆ ಮಾರೋ ಆಟ ಅಂತ ನಾನು ಆಗ್ಲೇ ಹೇಳ್ಲಿಲ್ವಾ?"

ಇಪ್ಪತ್ತು ಕೋಟಿ ಎಂದಾಗ ಮಗ ನನ್ನ ಮುಖ ನೋಡಿದ. ನಾನು ಫ್ಯಾನ್ ನೋಡಿದೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರಿದ.

ಸೇರಿದವನು ತರಗತಿಗಿಂತ ವರ್ಕ್‌ಶಾಪಿನಲ್ಲೇ ಹೆಚ್ಚು ಸಿಗತೊಡಗಿದ. ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟಿ ಓಡಿಸುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ಅವರ ತಂಡ ಹೊರಟಿತ್ತು. ಅಟೆಂಡೆನ್ಸ್ ಶಾರ್ಟೇಜು, ಗಣಿತ ಬ್ಯಾಕು. ದೂರು ಒಯ್ದದ್ದು ಭಾವನ ಬಳಿಗೇ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಾರ್ಕ್ಸ್ ಎಷ್ಟಕ್ಕೆ?" ಇಂಥ ಸ್ಪರ್ಧೆಗಳಲ್ಲಿ ಒಟ್ಟು 1000 ಅಂಕ, ಅದರಲ್ಲಿ 325 ಕಾರಿನ ವಿನ್ಯಾಸ, ಖರ್ಚುವೆಚ್ಚ, ವ್ಯಾಪಾರ ಯೋಜನೆಗಳನ್ನು ತೀರ್ಪುಗಾರರ ಮುಂದೆ ನಿಂತು ಸಮರ್ಥಿಸಿಕೊಳ್ಳುವುದಕ್ಕೆ.

"ಇಂಟರ್ನಲ್ಸೂ ಇದೆ, ವೈವಾನೂ ಇದೆ! ಮತ್ತೆ ನಿಮ್ಮದೇನು ಗೋಳು?" ಎಂದು ನನ್ನನ್ನೇ ಗದರಿಸಿ, ಪುಳಿಯೋಗರೆ ಕಟ್ಟಿಸಿಕೊಂಡು, ನನ್ನ ಜೊತೆ ಕೊಯಮತ್ತೂರಿಗೆ ಹೊರಟೇಬಿಟ್ಟರು.

ಅಲ್ಲಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ ಸ್ಪರ್ಧೆಯ ಕೊನೆಯದು 22 ಕಿಲೋಮೀಟರಿನ ಸಹಿಷ್ಣುತೆಯ ಓಟ. ಎಷ್ಟೋ ಕಾರುಗಳು ಅಲ್ಲೇ ಕೈಕೊಡುತ್ತವೆ. ನಮ್ಮವರದೂ ಅರ್ಧ ದಾರಿಯಲ್ಲಿ ಕೆಮ್ಮಿ, ಹೊಗೆ ಉಗುಳಿ, ಪಕ್ಕಕ್ಕೆ ನಿಂತಿತು. ಹುಡುಗರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರು. ಭಾವ ಮಾತ್ರ ಪಂಚೆ ಎತ್ತಿ ಕಟ್ಟಿ, ಬಾವುಟ ಹಿಡಿದು ನಿಂತಿದ್ದ ಅಧಿಕಾರಿಯ ಬಳಿ ನಡೆದು, ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ ವಿನಯವಾಗಿ ಕೇಳಿದರು:

"ಸಪ್ಲಿಮೆಂಟರಿ ಯಾವಾಗ ಸಾರ್?"