ಏಪ್ರಿಲ್‌ನಲ್ಲಿ ಸ್ವೆಟರ್

ದಾವಣಗೆರೆಯ ಏಪ್ರಿಲ್‌ನಲ್ಲಿ ಬೀದಿನಾಯಿಗಳೂ ಚರಂಡಿ ಬಿಟ್ಟು ಏಳುವುದಿಲ್ಲ. ಅಂಥದೊಂದು ರಾತ್ರಿ ನಾನು ಫ್ಯಾನ್ ಆರಿಸಿ, ಸ್ವೆಟರ್ ತೊಟ್ಟು, ಕಂಬಳಿ ಹೊದ್ದು ಮಲಗಿದೆ. ಹೆಂಡತಿ ಮಾತಿಲ್ಲದೆ ದಿಂಬು ಎತ್ತಿಕೊಂಡು ಹಾಲ್‌ಗೆ ಹೋದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅದೇ ಮೊದಲ ಗುಳೆ.

ದೇಹ ಆರು ತಿಂಗಳಿಂದ ಸುಳಿವು ಕೊಡುತ್ತಲೇ ಇತ್ತು. ನಾನು ಒಂದೊಂದಕ್ಕೂ ಒಂದೊಂದು ಮರ್ಯಾದಸ್ಥ ಕಾರಣ ಹುಡುಕಿಟ್ಟಿದ್ದೆ. ತೂಕ ಐದು ಕಿಲೋ ಏರಿದ್ದಕ್ಕೆ ಸಂಜೆಯ ಮಂಡಕ್ಕಿ-ಮಿರ್ಚಿ. ಕೂತಲ್ಲೇ ತೂಕಡಿಕೆ ಬಂದರೆ ವಯಸ್ಸು. ಹೊಟ್ಟೆ ಕಟ್ಟಿದರೆ ನೀರು ಕಡಿಮೆ ಕುಡಿದದ್ದು. ಮರೆವಿನ ಬಗ್ಗೆ ಮಾತ್ರ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅದು ಮದುವೆಯ ದಿನದಿಂದಲೇ ಇದೆ ಎಂಬುದು ಮನೆಯವಳ ಹೇಳಿಕೆ. ದನಿ ಒಡೆದು ಗೊಗ್ಗರಾದಾಗ ಫೋನಿನಲ್ಲಿ ಅಕ್ಕ, “ಅಪ್ಪ ಮಾತಾಡಿದಂಗೇ ಆಯ್ತು ಕಣೋ” ಎಂದು ಕಣ್ಣೊರೆಸಿಕೊಂಡಳು. ನಾನು ಬೀಗಿದೆ.

ಕೊನೆಗೆ ಗುಟ್ಟು ಹಿಡಿದವನು ಕಟಿಂಗ್ ಶಾಪಿನವನು. “ಸಾರ್, ಹುಬ್ಬಿನ ಹೊರತುದಿ ಕೂದಲೆಲ್ಲ ಉದುರೈತಲ್ಲ? ನಮ್ಮ ಅತ್ತಿಗೆಗೂ ಹಿಂಗೇ ಆಗಿತ್ತು. ಥೈರಾಯ್ಡ್ ಅಂದ್ರು.”

“ಅದು ಹೆಂಗಸರ ಕಾಯಿಲೆ ಅಲ್ಲೇನಪ್ಪ?”

“ಯಾಕೆ ಸಾರ್, ಗಂಡಸರಿಗೆ ಕುತ್ತಿಗೆ ಇರಲ್ವಾ?”

ಕತ್ತಿ ಕುತ್ತಿಗೆಯ ಮೇಲಿರುವಾಗ ವಾದ ಬೆಳೆಸಬಾರದು. ಹೆಂಗಸರಿಗೆ ಇದು ಹೆಚ್ಚು ಬರುವುದು ನಿಜ. ಲ್ಯಾಬಿನ ಸಾಲಿನಲ್ಲಿ ಗಂಡಸು ನಾನೊಬ್ಬನೇ. “ಮನೆಯವರು ಬರಲಿಲ್ವಾ?” ಎಂದು ರಕ್ತ ತೆಗೆಯುವ ಹುಡುಗಿ ನನ್ನ ಹಿಂದೆ ಇಣುಕಿ ನೋಡಿದಳು.

ಟಿ.ಎಸ್.ಎಚ್. ಸುಮಾರು 4ರೊಳಗೆ ಇರಬೇಕಂತೆ. ನನ್ನದು 38. ಪರೀಕ್ಷೆಯಲ್ಲಿ ಇಷ್ಟು ಅಂಕ ನನಗೆ ಎಂದೂ ಬಂದಿರಲಿಲ್ಲ. ಡಾಕ್ಟರು ತಣ್ಣಗೆ ಬಿಡಿಸಿ ಹೇಳಿದರು: ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಗ್ರಂಥಿ, ತೂಕ ಸುಮಾರು 20 ಗ್ರಾಂ. ಅದು ಕೆಲಸ ಕದ್ದಷ್ಟೂ ಮಿದುಳಿನ ಬುಡದ ಪಿಟ್ಯುಟರಿ ‘ಏಳು, ಏಳು’ ಎಂದು ದನಿ ಏರಿಸುತ್ತದೆ. ಆ ದನಿಯೇ ಟಿ.ಎಸ್.ಎಚ್. ಪಕ್ಕದಲ್ಲಿ ಕೂತಿದ್ದ ಹೆಂಡತಿಗೆ ಇದು ತಕ್ಷಣ ಅರ್ಥವಾಯಿತು. ದಿನಾ ಬೆಳಿಗ್ಗೆ ಮನೆಯಲ್ಲಿ ನಡೆಯುವುದೂ ಅದೇ.

ಇನ್ನೊಂದು ಪರೀಕ್ಷೆಯಾದ ಮೇಲೆ ಕಾಯಿಲೆಗೆ ಹೆಸರೂ ಸಿಕ್ಕಿತು: ಹಶಿಮೊಟೊ. 1912ರಲ್ಲಿ ಇದನ್ನು ವಿವರಿಸಿದ ಜಪಾನಿ ವೈದ್ಯರ ಹೆಸರು. ದೇಹದ ಕಾವಲು ಪಡೆಯೇ ತನ್ನ ಗ್ರಂಥಿಯ ಮೇಲೆ ಬೀಳುತ್ತದಂತೆ. “ಹರಿಹರ ದಾಟಿ ಹೋದವರಲ್ಲ, ಕಾಯಿಲೆ ಮಾತ್ರ ಜಪಾನಿನದು” ಎಂದಳು ಮನೆಯವಳು.

ಅಂದಿನಿಂದ ನಮ್ಮ ಓಣಿಯವರೆಲ್ಲ ಹುಬ್ಬು ಮುಟ್ಟಿ ನೋಡಿಕೊಳ್ಳತೊಡಗಿದರು. ಎರಡಾಳಿನ ಊಟ ಮಾಡಿಯೂ ಸೊರಗುತ್ತಿದ್ದ, ಕೈ ನಡುಗಿ ಚಹಾ ಚೆಲ್ಲುತ್ತಿದ್ದ, ಸದಾ ಬೆವರುವ ಎದುರುಮನೆಯವರೂ ಹೋಗಿ ತೋರಿಸಿದರು. ಅವರ ಗ್ರಂಥಿ ನನ್ನದರ ಪಾಲಿನ ಕೆಲಸವನ್ನೂ ಮಾಡುತ್ತಿತ್ತು.

ಮಾತ್ರೆ ಸಾಸಿವೆಕಾಳಿಗಿಂತ ತುಸು ದೊಡ್ಡದು. ಶಿಕ್ಷೆ ಇರುವುದು ಅದರ ನಿಯಮದಲ್ಲಿ: ಖಾಲಿ ಹೊಟ್ಟೆ, ಬರಿ ನೀರು, ಒಂದು ಗಂಟೆ ಕಾಫಿ ಇಲ್ಲ. ಐದಕ್ಕೆ ಎದ್ದು ಮಾತ್ರೆ ನುಂಗಿ, ಆರರವರೆಗೆ ಫಿಲ್ಟರಿನಿಂದ ಡಿಕಾಕ್ಷನ್ ತೊಟ್ಟಿಕ್ಕುವುದನ್ನು ಕೇಳುತ್ತ ಕೂರುತ್ತೇನೆ.

ಎರಡು ತಿಂಗಳು ಕಳೆದಿರಬೇಕು. ಒಂದು ರಾತ್ರಿ, “ಎಷ್ಟು ಸೆಕೆ ಕಣೇ, ಫ್ಯಾನ್ ಹಾಕು” ಎಂದೆ. ಹೊರಗೆ ಜೂನ್ ಮಳೆ ಸುರಿಯುತ್ತಿತ್ತು. ಹೆಂಡತಿ ನನ್ನ ಸ್ವೆಟರ್ ತೊಟ್ಟು ಕೂತಿದ್ದಳು.