ನಿನ್ನೆ, ಇವತ್ತು, ಅಡ್ಡಿಯಿಲ್ಲ

ಬೆಳಿಗ್ಗೆ ಹತ್ತೂಕಾಲಾಯಿತೆಂದರೆ ನಮ್ಮ ಆಫೀಸಿನಲ್ಲಿ ಎಲ್ಲರೂ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತೇವೆ. ರಾಷ್ಟ್ರಗೀತೆಗಲ್ಲ. ದೊಡ್ಡವರು ಯಾರೋ ಬಂದರೆಂದೂ ಅಲ್ಲ. ಅದು ನಮ್ಮ ನಿತ್ಯದ ಸ್ಟ್ಯಾಂಡಪ್ ಮೀಟಿಂಗು. ಗೋಡೆಯ ಟೀವಿಯ ಮುಂದೆ ಅರ್ಧಚಂದ್ರಾಕಾರವಾಗಿ ನಿಂತು, ಕೈಕಟ್ಟಿಕೊಂಡು, ಒಬ್ಬೊಬ್ಬರಾಗಿ ಮೂರು ಮಾತು ಒಪ್ಪಿಸಬೇಕು: ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಕೆಲಸಕ್ಕೆ ಅಡ್ಡಿ ಏನಾದರೂ ಇದೆಯೇ. ಉತ್ತರವೂ ಹೆಚ್ಚುಕಮ್ಮಿ ಒಂದೇ (ಹಂಚಿಕೊಟ್ಟ ಒಂದೊಂದು ಕೆಲಸಕ್ಕೆ ನಮ್ಮಲ್ಲಿ ಟಿಕೆಟ್ ಎಂದು ಹೆಸರು). ನಿನ್ನೆ ಆ ಟಿಕೆಟ್ ಮೇಲೆ ಕೆಲಸ ಮಾಡಿದೆ, ಇವತ್ತೂ ಅದನ್ನೇ ಮುಂದುವರಿಸುತ್ತೇನೆ, ಅಡ್ಡಿಯೇನಿಲ್ಲ. ಬೆಂಗಳೂರಿನ ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಈ ಹೊತ್ತಿನಲ್ಲಿ ಎಷ್ಟು ಸಾವಿರ ಬಾಯಿಗಳಿಂದ ಈ ಮಾತು ಹೊರಡುತ್ತದೋ! ಇಷ್ಟು ಜನ ಇಷ್ಟು ನೇಮದಿಂದ ಬೇರೆ ಯಾವ ಮಂತ್ರ ಜಪಿಸಿದ್ದರೂ ಇಷ್ಟರಲ್ಲಿ ಒಬ್ಬ ದೇವರಾದರೂ ಪ್ರತ್ಯಕ್ಷನಾಗಿರುತ್ತಿದ್ದ. ನಮಗೆ ಪ್ರತ್ಯಕ್ಷವಾಗುವುದು ಮಾರನೆಯ ದಿನದ ಹತ್ತೂಕಾಲು.

ಮೂರು ಪ್ರಶ್ನೆಗಳಲ್ಲಿ ನನಗೆ ಅತಿ ಕಷ್ಟದ್ದು ಮೊದಲನೆಯದು. ನಿನ್ನೆ ಏನು ಮಾಡಿದೆ? ಯಾರಿಗೆ ಗೊತ್ತು! ನಿನ್ನೆ ಮಧ್ಯಾಹ್ನ ಬೇರೆ ಎರಡು ಮೀಟಿಂಗುಗಳಲ್ಲಿ ಕೂತಿದ್ದೆ, ಅವು ಮುಗಿಯುವ ಹೊತ್ತಿಗೆ ಕಾಫಿಯ ಹೊತ್ತು. ಸೋಮವಾರವಂತೂ ಇನ್ನೂ ಫಜೀತಿ. ಅವತ್ತು 'ನಿನ್ನೆ' ಎಂದರೆ ಶುಕ್ರವಾರ ಎಂದು ತಿಳಿಯಬೇಕು, ಶುಕ್ರವಾರ ಏನು ನಡೆಯಿತೆಂಬುದು ಪುರಾತತ್ತ್ವ ಇಲಾಖೆಗೆ ಬಿಟ್ಟ ವಿಷಯ. ಹಾಗಾಗಿ ನನ್ನ ಸರದಿ ಬರುವ ತನಕ ಮನಸ್ಸಿನಲ್ಲೇ ವಾಕ್ಯ ಹೆಣೆಯುತ್ತಿರುತ್ತೇನೆ. ಸರದಿ ಮುಗಿದ ಮೇಲೆ, ಹೇಳಿದ್ದು ಸ್ವಲ್ಪ ಕಮ್ಮಿಯಾಯಿತೇನೋ ಎಂದು ಕೊರಗುತ್ತಿರುತ್ತೇನೆ. ಈ ಎರಡರ ನಡುವೆ ಇನ್ನೊಬ್ಬರ ಮಾತು ಕೇಳಿಸಿಕೊಳ್ಳಲು ಬಿಡುವೆಲ್ಲಿ? ಮಿಕ್ಕವರೂ ಇದನ್ನೇ ಮಾಡುತ್ತಾರೆಂದು ಅವರ ಮುಖ ನೋಡಿದರೆ ತಿಳಿಯುತ್ತದೆ. ಎಲ್ಲರೂ ಮಾತಾಡಿ ಯಾರೂ ಕೇಳದೆ ಇರುವ ಸಭೆ ಇದು.

ಇದನ್ನು ಕಂಡುಹಿಡಿದ ಪುಣ್ಯಾತ್ಮರು ಯಾರೆಂದು ಒಮ್ಮೆ ಸಿಟ್ಟಿನಲ್ಲೇ ಹುಡುಕಿದೆ. ಬೇರು ಜಪಾನಿನ ಕಡೆಗೆ ಹೋಯಿತು. ಹೊಸ ಸರಕನ್ನು ಬೇಗ ತಯಾರಿಸುವ ಕಂಪನಿಗಳ ತಂಡಗಳು ರಗ್ಬಿ ಆಟಗಾರರ ಹಾಗೆ ಒಟ್ಟಾಗಿ ಮುನ್ನುಗ್ಗುತ್ತವೆ ಎಂದು ತಕೆಯುಚಿ ಮತ್ತು ನೊನಾಕಾ ಎಂಬ ಇಬ್ಬರು ಜಪಾನಿ ವಿದ್ವಾಂಸರು 1986ರಲ್ಲಿ ಒಂದು ಲೇಖನ ಬರೆದರು. ಆ ವಿಚಾರವನ್ನು ಸಾಫ್ಟ್‌ವೇರಿಗೆ ತಂದವರು ಅಮೆರಿಕದ ಜೆಫ್ ಸದರ್ಲೆಂಡ್ ಮತ್ತು ಕೆನ್ ಶ್ವೇಬರ್. 'ಸ್ಕ್ರಮ್' ಎಂಬ ತಮ್ಮ ಪದ್ಧತಿಯನ್ನು ಅವರು 1995ರಲ್ಲಿ ಲೋಕದ ಮುಂದಿಟ್ಟರು. 2001ರ ಫೆಬ್ರವರಿಯಲ್ಲಿ ಅವರೂ ಸೇರಿ ಹದಿನೇಳು ಮಂದಿ ಯೂಟಾದ ಹಿಮದ ಬೆಟ್ಟದ ಮೇಲಿನ ರೆಸಾರ್ಟೊಂದರಲ್ಲಿ ಕಲೆತು, ತಂಡಗಳು ಹೇಗೆ ಕೆಲಸ ಮಾಡಬೇಕೆಂದು ಒಂದು ಪ್ರಣಾಳಿಕೆ ಬರೆದರು. ಬೆಟ್ಟದ ಮೇಲೆ ಸ್ಕೀಯಿಂಗ್ ಆಡಲು ಹೋದವರು ಬರೆದದ್ದನ್ನು ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಬೆಂದು ಬಂದವರು ಪಾಲಿಸಬೇಕಾಗಿದೆ, ಇರಲಿ.

ಹುಡುಕುತ್ತ ಸದರ್ಲೆಂಡ್ ಮತ್ತು ಶ್ವೇಬರ್ ಬರೆದ ಸ್ಕ್ರಮ್ ಕೈಪಿಡಿಯನ್ನೂ ಓದಿದೆ. ಬಹಳ ಚಿಕ್ಕ ಪುಸ್ತಕ, ನಮ್ಮ ಆಫೀಸಿನ ರಜೆ ನಿಯಮಾವಳಿಗಿಂತ ಚಿಕ್ಕದು. ಅದರಲ್ಲಿ ಮೂರು ಆಶ್ಚರ್ಯಗಳಿದ್ದವು. ನಮ್ಮ ಈ ನಿತ್ಯದ ಸಭೆ ಹದಿನೈದು ನಿಮಿಷ ಎಂದಿದೆಯೇ ಹೊರತು ನಿಂತೇ ಮಾಡಬೇಕೆಂದು ಎಲ್ಲೂ ಇಲ್ಲ. ಈ ಸಭೆ ಇರುವುದು ಕೆಲಸ ಮಾಡುವವರಿಗಾಗಿ, ಅವರ ದಿನದ ಲೆಕ್ಕಾಚಾರಕ್ಕಾಗಿ. ಮತ್ತು 2020ರ ಆವೃತ್ತಿಯಲ್ಲಿ ಆ ಮೂರು ಪ್ರಶ್ನೆಗಳನ್ನೇ ಕಿತ್ತುಹಾಕಿದ್ದಾರೆ! ಬರೆದವರೇ ಕೈಬಿಟ್ಟ ಪ್ರಶ್ನೆಗಳಿಗೆ ನಾವಿನ್ನೂ ಉತ್ತರ ಹೇಳುತ್ತಿದ್ದೇವೆ. ಸುದ್ದಿ ಮಾರತಹಳ್ಳಿ ಸೇತುವೆಯ ಹತ್ತಿರ ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು.

ನಿಲ್ಲುವುದರ ಹಿಂದೆ ಒಂದು ತರ್ಕವಿದೆ, ಇಲ್ಲವೆನ್ನಲಾರೆ. ಕಾಲು ನೋಯುತ್ತದೆ, ಹಾಗಾಗಿ ಮಾತು ಬೇಗ ಮುಗಿಯುತ್ತದೆ. ಇಂಗ್ಲೆಂಡಿನ ಪ್ರಿವಿ ಕೌನ್ಸಿಲ್ಲಿನವರು ಇಂದಿಗೂ ದೊರೆಯ ಮುಂದೆ ನಿಂತೇ ಸಭೆ ನಡೆಸುತ್ತಾರೆ. ವಿಕ್ಟೋರಿಯಾ ರಾಣಿಯ ಕಾಲದ ರೂಢಿ ಅದು. 1999ರಲ್ಲಿ ಅಮೆರಿಕದ ಬ್ಲೂಡಾರ್ನ್ ಮತ್ತು ಸಂಗಡಿಗರು ಇದನ್ನು ಅಳೆದೇ ನೋಡಿದರು. ಕೂತು ನಡೆಸಿದ ಸಭೆಗಳು ನಿಂತು ನಡೆಸಿದವಕ್ಕಿಂತ ಶೇಕಡಾ 34ರಷ್ಟು ಉದ್ದವಾದವು. ಕೂತವರ ತೀರ್ಮಾನಗಳೇನೂ ನಿಂತವರದಕ್ಕಿಂತ ಉತ್ತಮವಾಗಿರಲಿಲ್ಲ.

ಒಪ್ಪಿದೆ. ಆದರೆ ಆ ವಿದ್ವಾಂಸರು ಕನ್ನಡಿಗರ ಮನೆಯ ಗೇಟಿನ ಬಳಿ ಬಂದು ಅಳೆಯಬೇಕಿತ್ತು ಎಂದು ನನ್ನ ಆಸೆ. ನಮ್ಮಲ್ಲಿ ನೆಂಟರು ಬಂದರೆ ಕೂತಷ್ಟು ಹೊತ್ತೂ ಆಡುವುದು ಬರೀ ಔಪಚಾರಿಕ ಮಾತು. ಈ ಸಲ ಮಳೆ ಹೇಗೆ, ಅಡಿಕೆ ರೇಟು ಎಷ್ಟು, ಮಂಡಿನೋವು ಹೇಗಿದೆ. 'ಸರಿ, ಬರ್ತೀವಿ' ಎಂದು ಎದ್ದಮೇಲೆ ಬಾಗಿಲಲ್ಲಿ ಹತ್ತು ನಿಮಿಷ, ಮೆಟ್ಟಿಲ ಮೇಲೆ ಐದು ನಿಮಿಷ. ಗೇಟಿಗೆ ಬಂದು ಒಂದು ಕೈ ಚಿಲಕದ ಮೇಲಿಟ್ಟಾಗ ನಿಜವಾದ ಮಾತು ಶುರು. 'ಅಂದಹಾಗೆ, ಆ ಹುಡುಗಿ ಜಾತಕ ಬಂದಿತ್ತಲ್ಲ, ಏನಾಯ್ತು?' ನಮ್ಮ ಸೋದರಮಾವನೊಬ್ಬರು ಹೆಲ್ಮೆಟ್ ತೊಟ್ಟು, ಸ್ಕೂಟರ್ ಸ್ಟಾರ್ಟ್ ಮಾಡಿ, ಮತ್ತೆ ಆಫ್ ಮಾಡಿ, ಹೆಲ್ಮೆಟ್ಟಿನೊಳಗಿಂದಲೇ ಜಮೀನಿನ ಪಾಲು ಇತ್ಯರ್ಥ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಿಂತರೆ ಮಾತು ಚಿಕ್ಕದಾಗುತ್ತದೆ ಎಂಬ ಸಿದ್ಧಾಂತಕ್ಕೆ ನಮ್ಮ ಕುಲದಲ್ಲಿ ಆಧಾರವಿಲ್ಲ. ಆದರೆ ಗೇಟಿನ ಬಳಿ ಆಡಿದ ಮಾತು ಬೇಸರವಾಯಿತೆಂದು ಯಾರೂ ದೂರಿದ್ದೂ ಇಲ್ಲ.

ಆಫೀಸಿನಲ್ಲೂ ಹೀಗೇ. ಸ್ಟ್ಯಾಂಡಪ್ ಮುಗಿದ ಕೂಡಲೇ ಎಲ್ಲರೂ ಪ್ಯಾಂಟ್ರಿಯ ಕಾಫಿ ಮಷೀನಿಗೆ ಮುತ್ತುತ್ತಾರೆ. ಅಲ್ಲಿ ಬರುತ್ತದೆ ನೋಡಿ ಅಸಲಿ ವಿಷಯ. 'ಏಯ್, ನೀನು ಹೇಳಿದ್ಯಲ್ಲ ಆ ಎರರ್, ಹೋದ ವಾರ ನನಗೂ ಬಂದಿತ್ತು ಮಾರಾಯ, ಕಾನ್ಫಿಗ್ ಫೈಲ್ ನೋಡು.' ಕಪ್ ತುಂಬುವುದರೊಳಗೆ ಎರಡು ದಿನದ ಗಂಟು ಬಿಚ್ಚಿರುತ್ತದೆ. ಅದೇ ಇಬ್ಬರು ಐದು ನಿಮಿಷದ ಹಿಂದೆ ಅಕ್ಕಪಕ್ಕ ನಿಂತು 'ಅಡ್ಡಿಯೇನಿಲ್ಲ' ಎಂದವರು.

ಸಭೆಗೆ ಜೀವ ತುಂಬಲು ನಾವೇನೂ ಪ್ರಯತ್ನಪಡದೆ ಬಿಟ್ಟಿಲ್ಲ. ಈ ಸಭೆ ನಡೆಸಿಕೊಡುವ ನಮ್ಮ ಸ್ಕ್ರಮ್ ಮಾಸ್ಟರ್ ಒಬ್ಬಳು ಉತ್ಸಾಹದ ಹುಡುಗಿ, ಎರಡು ದಿನದ ಕೋರ್ಸು ಮುಗಿಸಿ ಸರ್ಟಿಫಿಕೇಟಿನ ಜೊತೆಗೆ ಒಂದು ಕಂತೆ ಆಟಗಳನ್ನೂ ತಂದಳು. ಮೊದಲು ಚನ್ನಪಟ್ಟಣದ ಗೊಂಬೆಯೊಂದು ಬಂತು. ಅದನ್ನು ಹಿಡಿದವರು ಮಾತ್ರ ಮಾತಾಡಬೇಕು, ಮುಗಿದ ಮೇಲೆ ಬೇಕಾದವರತ್ತ ಎಸೆಯಬೇಕು. ಎಸೆತ ಎಲ್ಲಿಂದ ಬರುತ್ತದೋ ಎಂಬ ಭಯಕ್ಕೆ ಒಂದಷ್ಟು ದಿನ ಎಲ್ಲರೂ ಎಚ್ಚರವಾಗಿದ್ದರು. ಆಮೇಲೆ ಗೊಂಬೆಯ ತಲೆಯೊಂದು ಕಡೆ, ಬುಡವೊಂದು ಕಡೆ ಆಯಿತು, ಈಗ ಬುಡಕ್ಕೆ ಪೆನ್ನು ಸಿಕ್ಕಿಸಿಟ್ಟಿದ್ದೇವೆ.

ಮುಂದಿನದು, ನಿಮ್ಮ ಇವತ್ತಿನ ಮನಸ್ಸನ್ನು ಒಂದು ತಿಂಡಿಯ ಹೆಸರಿನಿಂದ ಹೇಳಿ ಎಂಬ ಆಟ. ಒಬ್ಬ 'ಬಿಸಿ ಇಡ್ಲಿ' ಎಂದ. ರಾತ್ರಿಯೆಲ್ಲ ಡಿಪ್ಲಾಯ್‌ಮೆಂಟಿಗೆ ಕೂತಿದ್ದವನು 'ನಿನ್ನೆಯ ಉಪ್ಪಿಟ್ಟು' ಎಂದ. ಇಲ್ಲಿಯವರೆಗೆ ಸೊಗಸಾಗಿತ್ತು. ಯಾರೋ 'ಬೆಣ್ಣೆ ದೋಸೆ' ಎಂದರು, ಅದು ಎಲ್ಲಿ ಚೆನ್ನಾಗಿರುತ್ತದೆ ಎಂಬ ಮಾತು ಬಂತು, ದಾವಣಗೆರೆಯವರು ಬೆಂಗಳೂರಿನದು ದೋಸೆಯೇ ಅಲ್ಲ ಎಂದರು, ಅವತ್ತಿನ ಹದಿನೈದು ನಿಮಿಷ ಊಟದ ಹೊತ್ತಿನವರೆಗೂ ಹಿಗ್ಗಿತು. ಪಾರ್ಕಿನ್ಸನ್ ಎಂಬ ಇಂಗ್ಲಿಷ್ ಮಹಾಶಯ 1957ರ ತನ್ನ ಪುಸ್ತಕದಲ್ಲಿ ಇದನ್ನು ಆಗಲೇ ಹೇಳಿಬಿಟ್ಟಿದ್ದಾನೆ. ಅವನ ಕಲ್ಪನೆಯ ಸಮಿತಿ ಅಣುಸ್ಥಾವರಕ್ಕೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಟ್ಟು, ಸೈಕಲ್ ನಿಲ್ಲಿಸುವ ಶೆಡ್ಡಿನ ಮೇಲೆ ಮುಕ್ಕಾಲು ಗಂಟೆ ಚರ್ಚಿಸುತ್ತದೆ. ಅಣುಸ್ಥಾವರ ಯಾರಿಗೂ ತಿಳಿಯದು, ಶೆಡ್ಡು ಎಲ್ಲರಿಗೂ ತಿಳಿದದ್ದು. ದೋಸೆ ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ತಡವಾಗಿ ಬಂದವರಿಗೆ ಐವತ್ತು ರೂಪಾಯಿ ದಂಡ ಎಂದೂ ಆಯಿತು. ಡಬ್ಬಿ ಬೇಗ ತುಂಬಿತು, ಜನ ಮಾತ್ರ ಇನ್ನೂ ತಡವಾಗಿ ಬರತೊಡಗಿದರು. ಮೊದಲು ಅಳುಕುತ್ತ ಬರುತ್ತಿದ್ದವರು ಈಗ ನೋಟು ಹಾಕಿ ತಲೆಯೆತ್ತಿ ನಿಲ್ಲುತ್ತಿದ್ದರು, ತಡ ಮಾಡುವ ಹಕ್ಕನ್ನು ಖರೀದಿಸಿದವರ ಠೀವಿ ಅವರದು. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲೂ ಹೀಗೇ ಆಗಿತ್ತಂತೆ. ಮಕ್ಕಳನ್ನು ಕರೆದೊಯ್ಯಲು ತಡ ಮಾಡಿದ ತಂದೆತಾಯಂದಿರಿಗೆ ದಂಡ ಹಾಕಿದರೆ ತಡ ಮಾಡುವವರು ಹೆಚ್ಚಾದರು, ದಂಡ ತೆಗೆದ ಮೇಲೂ ಕಮ್ಮಿಯಾಗಲಿಲ್ಲ. ಅರ್ಥಶಾಸ್ತ್ರಜ್ಞರಿಬ್ಬರು 2000ದಲ್ಲಿ ಇದರ ಮೇಲೆ ಪ್ರಬಂಧವನ್ನೇ ಪ್ರಕಟಿಸಿದ್ದಾರೆ. ಇನ್ನು ಕೆಲವು ಕಡೆ ನಿಲ್ಲುವುದಕ್ಕೆ ಬದಲು ಬೋರಲಾಗಿ, ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈ ಎತ್ತಿ ಹಿಡಿದು ಸ್ಟ್ಯಾಂಡಪ್ ಮಾಡುತ್ತಾರೆ, ಮಾತು ತಾನಾಗಿ ಚಿಕ್ಕದಾಗುತ್ತದಂತೆ. ಆ ಪ್ರಸ್ತಾಪ ನಮ್ಮಲ್ಲೂ ಬಂತು. ನನ್ನ ಸೊಂಟ ವೀಟೋ ಚಲಾಯಿಸಿತು.

ಕೊನೆಗೆ ರೋಗದ ಮೂಲ ಹಿಡಿದವರು ನಮ್ಮಮ್ಮ. ತೀರ್ಥಹಳ್ಳಿಯಿಂದ ಬಂದು ನಮ್ಮೊಂದಿಗಿದ್ದಾರೆ. ನನಗೆ ವಾರದಲ್ಲಿ ಒಂದೆರಡು ದಿನ ಮನೆಯಿಂದಲೇ ಕೆಲಸ. ಊಟದ ಮೇಜೇ ಆಫೀಸು. ಸ್ಪೀಕರಿನಲ್ಲಿ ಸ್ಟ್ಯಾಂಡಪ್ ನಡೆಯುವಾಗ ಅಮ್ಮ ಅಲ್ಲೇ ಕೂತು ಹುರುಳಿಕಾಯಿ ನಾರು ತೆಗೆಯುತ್ತಿರುತ್ತಾರೆ. ಇಂಗ್ಲಿಷು ಅಷ್ಟಕ್ಕಷ್ಟೇ, ಆದರೆ ಧ್ವನಿಗಳೆಲ್ಲ ಪರಿಚಯವಾಗಿಬಿಟ್ಟಿವೆ. ಒಂದು ದಿನ ಕಾಲ್ ಮುಗಿದ ಮೇಲೆ ಕೇಳಿದರು, 'ಅಲ್ಲ ಮಾರಾಯ, ಆ ಸಣ್ಣ ದನಿ ಹುಡುಗಿ ದಿನಾ ಏನೋ ಡೌನ್ ಆಗಿದೆ ಅಂತಾಳೆ, ಪಾಪ. ನೀವೆಲ್ಲ ಓಕೆ ಓಕೆ ಅಂತೀರಿ. ಅದನ್ನ ಎತ್ತಿ ನಿಲ್ಸೋರು ಒಬ್ಬರೂ ಇಲ್ವೇನೋ?'

ಡೌನ್ ಆಗಿದ್ದದ್ದು ನಾವು ಟೆಸ್ಟಿಂಗ್ ಮಾಡುವ ಸರ್ವರು. ಹುಡುಗಿ ವಾರಗಟ್ಟಲೆ ಹೇಳುತ್ತಲೇ ಇದ್ದಳು. ಮಾರನೆಯ ದಿನ ಅಮ್ಮನ ಪ್ರಶ್ನೆಯನ್ನೇ ನನ್ನದೆಂಬಂತೆ ಸಭೆಯಲ್ಲಿ ಕೇಳಿದೆ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಪುಣೆಯಿಂದ ಸೇರಿಕೊಳ್ಳುವ ಒಬ್ಬ ಮ್ಯೂಟ್ ತೆಗೆದು, 'ಅದಾ? ಅದು ನನ್ನ ಕೈಯಲ್ಲೇ ಇದೆ, ಈಗಲೇ ಮಾಡ್ತೀನಿ. ಯಾರೂ ನನ್ನನ್ನ ಕೇಳಲೇ ಇಲ್ಲವಲ್ಲ!' ಎಂದ. ಅವನೂ ಅಷ್ಟು ದಿನ ಅದೇ ಸಭೆಯಲ್ಲಿದ್ದ. ಅವನದೂ ತಪ್ಪಲ್ಲ. ಆ ಹುಡುಗಿ ಹೇಳುತ್ತಿದ್ದದ್ದು ಅವನಿಗಲ್ಲ, ಮ್ಯಾನೇಜರಿಗೆ. ಮ್ಯಾನೇಜರ್ ತಲೆಯಾಡಿಸುತ್ತಿದ್ದರು. ತಲೆಯಾಡಿತೆಂದರೆ ವಿಷಯ ದಾಖಲಾಯಿತು, ಮುಂದಿನವರು ಶುರುಮಾಡಬಹುದು.

ಅವತ್ತಿನಿಂದ ನಾನು ಬಾಯಿಗಳನ್ನು ಬಿಟ್ಟು ಕಣ್ಣುಗಳನ್ನು ನೋಡತೊಡಗಿದೆ. ಅರ್ಧಚಂದ್ರದಲ್ಲಿ ನಿಂತ ಎಲ್ಲರ ಕಣ್ಣೂ ಒಬ್ಬರ ಮೇಲೇ. ಬೇಸರಕ್ಕೆ ಕಾರಣ ಹದಿನೈದು ನಿಮಿಷವೂ ಅಲ್ಲ, ಆಟವಿಲ್ಲದ್ದೂ ಅಲ್ಲ. ಅದು ಸಭೆಯಲ್ಲ, ಹಾಜರಿ. ಆ ನಡುವೆ ಮ್ಯಾನೇಜರು ತಂಗಿಯ ಮದುವೆಗೆಂದು ದೀರ್ಘ ರಜೆ ಹಾಕಿ ಊರಿಗೆ ಹೋದರು. ನೋಡುವುದಕ್ಕೆ ಒಂದು ಮುಖವಿಲ್ಲದೆ ಜನ ಮೊದಲ ದಿನ ತಬ್ಬಿಬ್ಬಾದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಸ್ಕ್ರಮ್ ಮಾಸ್ಟರ್ ಹುಡುಗಿ ಸಮಯ ನೋಡಿ ಒಂದು ಜಾಣತನ ಮಾಡಿದಳು. ಜನರ ಸರದಿ ಬಿಟ್ಟು ಕೆಲಸದ ಸರದಿ ಹಿಡಿದಳು. ಗೋಡೆಯ ಟೀವಿಯಲ್ಲಿ ಕಾಣುವ ಕೆಲಸದ ಬೋರ್ಡಿನ ಬಲತುದಿಯಲ್ಲಿ, ಇನ್ನೇನು ಮುಗಿಯಲಿರುವ ಟಿಕೆಟ್ಟಿನಿಂದ ಶುರುಮಾಡಿ, 'ಇದು ಮುಗಿಯಬೇಕಾದರೆ ಯಾರಿಗೆ ಏನು ಬೇಕು?' ಎಂದಷ್ಟೇ ಕೇಳುತ್ತ ಎಡಕ್ಕೆ ಬಂದಳು. ನಿನ್ನೆ ಏನು ಮಾಡಿದೆ ಎಂದು ಯಾರನ್ನೂ ಕೇಳಲಿಲ್ಲ. ಕೆಲಸವಿಲ್ಲದವರು ಬಾಯಿಬಿಡಬೇಕಾಗಿಯೂ ಬರಲಿಲ್ಲ. ಇಬ್ಬರಿಗಷ್ಟೇ ಬೇಕಾದ ಚರ್ಚೆ ಎದ್ದರೆ 'ಅದು ಕಾಫಿಗೆ' ಎಂದು ತಳ್ಳಿದಳು. ಪ್ಯಾಂಟ್ರಿಯ ಮಾತು ಅರ್ಧದಷ್ಟು ಸಭೆಗೆ ಬಂತು, ಸಭೆಯ ಕೊರೆತ ಪೂರ್ತಿ ಹೋಯಿತು. ಬೋರಾಗುತ್ತಿದೆ ಎಂದುಕೊಳ್ಳುವುದೇ ಮರೆತುಹೋಗುತ್ತಿತ್ತು. ನನಗಂತೂ ಹೆಣೆದಿಟ್ಟ ವಾಕ್ಯಗಳನ್ನು ಏನು ಮಾಡುವುದೆಂದು ತಿಳಿಯಲಿಲ್ಲ.

ಮ್ಯಾನೇಜರು ಮದುವೆ ಮುಗಿಸಿ ಚಿರೋಟಿ ಡಬ್ಬಿಯೊಂದಿಗೆ ಮರಳಿದರು. ಒಳ್ಳೆಯ ಮನುಷ್ಯ, ಮೂಲೆಯಲ್ಲಿ ಸುಮ್ಮನೆ ನಿಂತರು. ಆದರೂ ಹನ್ನೆರಡು ತಲೆಗಳು ಸೂರ್ಯಕಾಂತಿ ಹೂಗಳಂತೆ ಆ ಮೂಲೆಗೆ ತಿರುಗಿದವು. ಮೊದಲನೆಯವನು ಗಂಟಲು ಸರಿಮಾಡಿಕೊಂಡು 'ನಿನ್ನೆ ನಾನು...' ಎಂದ.

ಆದ್ದರಿಂದ ಇದನ್ನು ಓದುತ್ತಿರುವ ಮ್ಯಾನೇಜರ್ ಮಹನೀಯರಲ್ಲಿ ಒಂದು ಅರಿಕೆ. ಗೊಂಬೆ ಬೇಡ, ದಂಡದ ಡಬ್ಬಿ ಬೇಡ, ತಿಂಡಿಯ ಹೆಸರಂತೂ ಖಂಡಿತ ಬೇಡ. ನಾಳೆ ಹತ್ತೂಕಾಲಿಗೆ ನೀವು ಕೆಳಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ. ಸಭೆಗೆ ಬರಲೇಬೇಕು ಎನಿಸಿದರೆ ಬನ್ನಿ, ಬೇಡ ಎನ್ನಲು ನಾವು ಯಾರು? ಎಲ್ಲರ ಬೆನ್ನ ಹಿಂದೆ ನಿಲ್ಲಿ. ದಯವಿಟ್ಟು ತಲೆ ಮಾತ್ರ ಆಡಿಸಬೇಡಿ.